ಜಪಾನಿನ ವಿಡಿಯೋ ಗೇಮ್‌ಗಳು, ವಿಮರ್ಶಕರು, ಅಭಿಮಾನಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಜಪಾನಿನ ಆಟಗಳ ಬಗ್ಗೆ ಇಂಗ್ಲಿಷ್ ವಿಮರ್ಶೆ ಓದಿ, ಅಂಕ ನೋಡಿ, ಅಭಿಮಾನಿಗಳ ಜಗಳ ಕೇಳಿ ಗೊಂದಲಕ್ಕೆ ಬಿದ್ದವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇವೆ. ಯಾವುದೇ ಅಂಕವನ್ನು ನಂಬುವ ಮೊದಲು ಅದು ಯಾವ ಆವೃತ್ತಿಗೆ, ಯಾವಾಗ, ಎಷ್ಟು ಗಂಟೆ ಆಡಿ ಕೊಟ್ಟದ್ದು ಎಂದು ವಿಚಾರಿಸಬೇಕು ಎಂಬುದು ನಮ್ಮ ನಿಲುವು. ಕೆಳಗಿನ ಉತ್ತರಗಳೆಲ್ಲ ಅದೇ ನಿಲುವಿನಿಂದ ಬರೆದವು.

"ಜಪಾನಿನ ಗೇಮ್ ಉದ್ಯಮದ ಕಥೆ ಮುಗಿಯಿತು" ಎಂದು 2009ರಿಂದ 2012ರವರೆಗೆ ಎಲ್ಲೆಲ್ಲೂ ಬರೆಯುತ್ತಿದ್ದರು. ಅದು ನಿಜವಾಗಿತ್ತೇ?

ಅರ್ಧ ನಿಜ. ಉಳಿದರ್ಧ, ಬರೆಯುವವರು ಒಂದೇ ಕಪಾಟಿನ ಕಡೆ ನೋಡುತ್ತಿದ್ದುದರಿಂದ ಹುಟ್ಟಿದ್ದು.

ಮೊದಲು ನಿಜವಿದ್ದ ಭಾಗ. ಪ್ಲೇಸ್ಟೇಷನ್ 3 ಮತ್ತು ಎಕ್ಸ್‌ಬಾಕ್ಸ್ 360 ಬಂದಾಗ ಎಚ್‌ಡಿ ಚಿತ್ರಗಳಿಗೆ ತಗಲುವ ಖರ್ಚು, ಜನ, ಸಮಯ ಎಲ್ಲವೂ ಒಮ್ಮೆಲೇ ಏರಿದವು. ಪಿಸಿ ಆಟಗಳಲ್ಲಿ ಪಳಗಿದ್ದ ಅಮೆರಿಕ, ಯುರೋಪಿನ ಸ್ಟುಡಿಯೋಗಳು ಅನ್‌ರಿಯಲ್‌ನಂಥ ಸಿದ್ಧ ಎಂಜಿನ್ (ಆಟ ಕಟ್ಟಲು ಬಳಸುವ ಮೂಲ ಸಾಫ್ಟ್‌ವೇರ್) ಹಿಡಿದು ಮುಂದೆ ಹೋದವು. ಸ್ಕ್ವೇರ್ ಎನಿಕ್ಸ್ ತನ್ನದೇ ಎಂಜಿನ್ ಕಟ್ಟುತ್ತ, ಅದರ ಮೇಲೇ ಆಟವನ್ನೂ ಕಟ್ಟಲು ಹೊರಟಿತು. 2006ರಲ್ಲಿ ತೋರಿಸಿದ ಫೈನಲ್ ಫ್ಯಾಂಟಸಿ 13 ಅಂಗಡಿಗೆ ಬಂದದ್ದು 2009ರ ಡಿಸೆಂಬರ್‌ನಲ್ಲಿ. ಹದಿಮೂರು ಅಧ್ಯಾಯಗಳ ಆ ಆಟದಲ್ಲಿ ಹನ್ನೊಂದನೆಯದರವರೆಗೆ ದಾರಿ ನೇರ ಓಣಿಯಂತೆ ಸಾಗುತ್ತದೆ, ಬಯಲು ಸಿಗುವುದು ಆಮೇಲೆ. ಬೆಥೆಸ್ಡಾ, ಬಯೋವೇರ್ ಸ್ಟುಡಿಯೋಗಳ ವಿಶಾಲ ಲೋಕದ ಆಟಗಳನ್ನು ಆಗಷ್ಟೇ ಆಡಿ ಮುಗಿಸಿದ್ದ ವಿಮರ್ಶಕರಿಗೆ ಅದು ಇಡೀ ದೇಶದ ಹಿನ್ನಡೆಯ ಗುರುತಾಗಿ ಕಂಡಿತು. ಆದರೆ ಅದೇ ಹೊತ್ತಿಗೆ ಕ್ಯಾಪ್‌ಕಾಮ್ ತನ್ನ ಎಂಟಿ ಫ್ರೇಮ್‌ವರ್ಕ್ ಎಂಜಿನ್ ಮೇಲೆ 2006ರಲ್ಲೇ ಡೆಡ್ ರೈಸಿಂಗ್, ಲಾಸ್ಟ್ ಪ್ಲಾನೆಟ್ ಎರಡನ್ನೂ ತಂದಾಗಿತ್ತು. ಎಡವಿದ್ದು ಕೆಲವು ಸ್ಟುಡಿಯೋಗಳು, ಇಡೀ ದೇಶವಲ್ಲ.

ಇನ್ನು ಕಾಣದೆ ಹೋದ ಭಾಗ. ಜಪಾನಿನ ದೊಡ್ಡ ತಂಡಗಳು ಕೈಯಲ್ಲಿ ಹಿಡಿದು ಆಡುವ ಯಂತ್ರಗಳ ಕಡೆ ಹೋಗಿದ್ದವು. ನಿಂಟೆಂಡೊ ಡಿಎಸ್ ಜಗತ್ತಿನಾದ್ಯಂತ 15.4 ಕೋಟಿ ಮಾರಾಟವಾಯಿತು. ಡ್ರ್ಯಾಗನ್ ಕ್ವೆಸ್ಟ್‌ನಂಥ ಸರಣಿಯ ಒಂಬತ್ತನೆಯ ಭಾಗವೇ 2009ರಲ್ಲಿ ಟಿವಿ ಬಿಟ್ಟು ಡಿಎಸ್‌ಗೆ ಬಂತು. ಸೋನಿಯ ಕೈಯಂತ್ರ ಪಿಎಸ್‌ಪಿಯಲ್ಲಿ ಮಾನ್ಸ್ಟರ್ ಹಂಟರ್ ಆಡಲು ನಾಲ್ವರು ಒಂದೇ ಜಾಗದಲ್ಲಿ ಸೇರಬೇಕಿತ್ತು. ರೈಲಿನಲ್ಲಿ ಓಡಾಡುವ, ಶಾಲೆ ಬಿಟ್ಟ ಮೇಲೆ ಗುಂಪು ಸೇರುವ ಊರುಗಳಿಗೆ ಅದು ಹೇಳಿ ಮಾಡಿಸಿದ ಆಟ. ಕಾರಿನಲ್ಲಿ ಒಬ್ಬೊಬ್ಬರೇ ಓಡಾಡುವ ಕಡೆ ಪೆಟ್ಟಿಗೆ ತೆರೆದರೂ ಜೊತೆಗಾರ ಸಿಗುತ್ತಿರಲಿಲ್ಲ. ಟಿವಿ ಕನ್ಸೋಲ್‌ಗಳನ್ನಷ್ಟೇ ಲೆಕ್ಕ ಹಿಡಿದ ಲೇಖನಗಳಲ್ಲಿ ಇದ್ಯಾವುದೂ ಬರಲಿಲ್ಲ.

ಜಪಾನಿಗರೂ ಇದೇ ಮಾತಾಡಿದರು ಎಂಬುದನ್ನು ಮರೆಯಬಾರದು. 2009ರ ಟೋಕಿಯೊ ಗೇಮ್ ಶೋನಲ್ಲಿ ಕ್ಯಾಪ್‌ಕಾಮ್‌ನ ಕೇಜಿ ಇನಾಫುನೆ ಜಪಾನಿನ ಉದ್ಯಮ ಮುಗಿಯಿತು ಎಂದೇ ಹೇಳಿದರು. 2012ರ ಮಾರ್ಚ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಜಪಾನಿನ ಡೆವಲಪರ್ ಒಬ್ಬರು ಕೇಳಿದ ಪ್ರಶ್ನೆಗೆ ಫೆಜ್ ಆಟ ಮಾಡಿದ ಫಿಲ್ ಫಿಶ್, ನಿಮ್ಮ ಆಟಗಳು ಕೆಟ್ಟದಾಗಿವೆ ಎಂದು ಮುಖಕ್ಕೇ ಹೇಳಿ, ಆಮೇಲೆ ಕ್ಷಮೆ ಕೇಳಿದರು. ದಿನಾಂಕಗಳನ್ನು ಪಕ್ಕಪಕ್ಕ ಇಟ್ಟು ನೋಡಿ: ಇನಾಫುನೆ ಮಾತಾಡುವ ಏಳು ತಿಂಗಳ ಮೊದಲೇ, ಮುಂದೆ ಜಗತ್ತೇ ಮೆಚ್ಚಿದ ಡೀಮನ್ಸ್ ಸೋಲ್ಸ್ ಜಪಾನಿನಲ್ಲಿ ಬಿಡುಗಡೆಯಾಗಿತ್ತು. ಫಿಶ್ ಮಾತಾಡುವಾಗ ಅದೇ ಸ್ಟುಡಿಯೋದ ಮುಂದಿನ ಆಟ ಡಾರ್ಕ್ ಸೋಲ್ಸ್ ಅಂಗಡಿಯಲ್ಲಿತ್ತು.

ಹಾಗಾದರೆ 2017ರಲ್ಲಿ "ಜಪಾನ್ ಮರಳಿ ಬಂತು" ಎಂದದ್ದು?

ಆ ವರ್ಷದ ಮೊದಲ ಮೂರು-ನಾಲ್ಕು ತಿಂಗಳಲ್ಲೇ ರೆಸಿಡೆಂಟ್ ಈವಿಲ್ 7, ಯಾಕುಜಾ 0, ನಿಯೋ, ಜೆಲ್ಡಾ ಬ್ರೆತ್ ಆಫ್ ದ ವೈಲ್ಡ್, ನಿಯರ್ ಆಟೊಮಾಟಾ, ಪರ್ಸೋನಾ 5 ಸಾಲಾಗಿ ಬಂದವು. ಪಟ್ಟಿ ನೋಡಿದರೆ ಯಾರಿಗಾದರೂ ಪವಾಡ ಅನಿಸುತ್ತದೆ. ಆದರೆ ಯಾಕುಜಾ 0 ಜಪಾನಿನಲ್ಲಿ 2015ರ ಮಾರ್ಚ್‌ನಲ್ಲೇ ಬಂದಿತ್ತು, ಪರ್ಸೋನಾ 5 ಬಂದದ್ದು 2016ರ ಸೆಪ್ಟೆಂಬರ್‌ನಲ್ಲಿ. ಅನುವಾದ ಮುಗಿದ ದಿನಾಂಕಗಳು ಒಂದೇ ಕಡೆ ಬಂದು ಬಿದ್ದದ್ದು ಆ "ಮರಳುವಿಕೆ"ಯ ದೊಡ್ಡ ಪಾಲು. ನಿಜವಾಗಿ ಬದಲಾದದ್ದು ಬಿಡುಗಡೆಯ ಪದ್ಧತಿ. 2018ರ ಜನವರಿ 26ರಂದು ಮಾನ್ಸ್ಟರ್ ಹಂಟರ್ ವರ್ಲ್ಡ್ ಎಲ್ಲ ದೇಶಗಳಿಗೂ ಒಂದೇ ದಿನ, ಟಿವಿ ಕನ್ಸೋಲ್‌ಗಳಿಗೇ ಬಂತು. ನಕ್ಷೆಯ ತುಂಡುಗಳ ನಡುವೆ ಬರುತ್ತಿದ್ದ ಲೋಡಿಂಗ್ ಪರದೆಯನ್ನು ತೆಗೆದಿದ್ದರು. "ಇದು ಜಪಾನಿನಲ್ಲಷ್ಟೇ ಓಡುವ ಸರಣಿ" ಎಂದು ಹತ್ತು ವರ್ಷ ಬರೆಸಿಕೊಂಡದ್ದು ಕ್ಯಾಪ್‌ಕಾಮ್‌ನ ಅತಿ ಹೆಚ್ಚು ಮಾರಾಟವಾದ ಆಟವಾಯಿತು.

ಫ್ಯಾಮಿತ್ಸು 40ಕ್ಕೆ 40 ಕೊಟ್ಟರೆ ಆಟ ಅಷ್ಟು ದೊಡ್ಡದೇ?

ಫ್ಯಾಮಿತ್ಸು 1986ರಿಂದ ನಡೆಯುತ್ತಿರುವ ಜಪಾನಿ ಪತ್ರಿಕೆ. ನಾಲ್ವರು ವಿಮರ್ಶಕರು ತಲಾ ಹತ್ತಕ್ಕೆ ಅಂಕ ಕೊಡುತ್ತಾರೆ, ಒಬ್ಬೊಬ್ಬರ ಬರಹ ಒಂದು ಪುಟ್ಟ ಪ್ಯಾರಾ ಅಷ್ಟೇ. ಮೊದಲ 40 ಸಿಕ್ಕಿದ್ದು 1998ರಲ್ಲಿ ಜೆಲ್ಡಾ ಆಕರಿನಾ ಆಫ್ ಟೈಮ್‌ಗೆ. ನಂತರ ಸೋಲ್‌ಕ್ಯಾಲಿಬರ್‌ಗೆ, ವೇಗ್ರಂಟ್ ಸ್ಟೋರಿಗೆ. ಜಪಾನಿನ ಹೊರಗಿನ ಆಟಕ್ಕೆ ಮೊದಲ ಪೂರ್ಣಾಂಕ ಸಿಕ್ಕಿದ್ದು 2011ರಲ್ಲಿ, ಸ್ಕೈರಿಮ್‌ಗೆ.

ಮೊತ್ತವನ್ನು ಬಿಟ್ಟು ನಾಲ್ಕು ಅಂಕಗಳನ್ನು ಬಿಡಿಬಿಡಿಯಾಗಿ ನೋಡಿ. 8-8-8-8 ಎಂದರೆ ಎಲ್ಲರೂ ಒಪ್ಪುವ ಹಿತವಾದ ಆಟ. 10-9-7-6 ಕೂಡ 32ನೇ, ಆದರೆ ಅದು ಕೆಲವರಿಗೆ ಹುಚ್ಚು ಹಿಡಿಸುವ, ಕೆಲವರಿಗೆ ಒಗ್ಗದ ಆಟ.

ಮೆಟಾಕ್ರಿಟಿಕ್ ಅಂಕ ಹೇಗೆ ಬರುತ್ತದೆ? ಜಪಾನಿನ ಆಟಗಳಿಗೆ ಅಲ್ಲಿ ಪೆಟ್ಟು ಬೀಳುತ್ತದೆಯೇ?

ಮೆಟಾಕ್ರಿಟಿಕ್ ವಿಮರ್ಶೆಗಳ ಅಂಕ ಒಟ್ಟುಗೂಡಿಸುವ ಜಾಲತಾಣ. ಬೇರೆಬೇರೆ ಕಡೆ ಬಂದ ಅಂಕಗಳನ್ನು 100ರ ಅಳತೆಗೆ ತಂದು, ಒಂದೊಂದು ಪ್ರಕಟಣೆಗೆ ಒಂದೊಂದು ತೂಕ ಕೊಟ್ಟು ಸರಾಸರಿ ತೆಗೆಯುತ್ತಾರೆ. ಆ ತೂಕ ಎಷ್ಟೆಂದು ಹೊರಗೆ ಹೇಳುವುದಿಲ್ಲ. 75 ಮತ್ತು ಮೇಲೆ ಹಸಿರು, 50ರಿಂದ 74 ಹಳದಿ, ಕೆಳಗೆ ಕೆಂಪು. ಐದಕ್ಕೆ ಮೂರು ಕೊಟ್ಟವರ ಪ್ರಕಾರ ಅದು ಆಡಬಹುದಾದ ಆಟ. ಆದರೆ ಲೆಕ್ಕದಲ್ಲಿ ಅದು 60 ಆಗುತ್ತದೆ, ಹತ್ತಕ್ಕೆ ಏಳನ್ನೇ ಸೋಲು ಎಂದು ಓದುವ ಜನರ ನಡುವೆ 60 ಎಂದರೆ ಕಸ. ಅಂಕ ಕೊಡದೆ ಬರೆದ ಒಳ್ಳೆಯ ವಿಮರ್ಶೆ ಲೆಕ್ಕಕ್ಕೇ ಬರುವುದಿಲ್ಲ.

ಪೆಟ್ಟು ಬೀಳುವುದು ಮಧ್ಯಮ ಬಜೆಟ್ಟಿನ ಆಟಗಳಿಗೆ. 2010ರ ನಿಯರ್‌ಗೆ ಪ್ಲೇಸ್ಟೇಷನ್ 3ರಲ್ಲಿ ಬಂದದ್ದು 68. ಏಳು ವರ್ಷದ ನಂತರ ಅದೇ ನಿರ್ದೇಶಕ ಯೊಕೊ ತಾರೊ ಅದೇ ಲೋಕದಲ್ಲಿ ಮಾಡಿದ ನಿಯರ್ ಆಟೊಮಾಟಾಗೆ 88. ಎರಡನೆಯದರಲ್ಲಿ ಹೊಡೆದಾಟವನ್ನು ಪ್ಲಾಟಿನಂಗೇಮ್ಸ್ ಕಟ್ಟಿದ್ದರಿಂದ ಅದು ನಿಜಕ್ಕೂ ಉತ್ತಮವಾಯಿತು. ಆದರೆ ಕಥೆ ಹೇಳುವ ಕ್ರಮ, ಮತ್ತೆ ಮತ್ತೆ ಆಡಿಸಿ ಹೊಸ ಅರ್ಥ ತೆರೆಯುವ ಜಾಣ್ಮೆ, ಸಂಗೀತ ಇವೆಲ್ಲ 2010ರಲ್ಲೇ ಇದ್ದವು.

ಒಂದೇ ಆಟಕ್ಕೆ ಒಬ್ಬರು 2, ಇನ್ನೊಬ್ಬರು 10 ಕೊಡುವುದು ಹೇಗೆ ಸಾಧ್ಯ?

ಇದು ನಡೆದದ್ದು 2010ರ ಡೆಡ್ಲಿ ಪ್ರೆಮೊನಿಶನ್‌ಗೆ. ಐಜಿಎನ್ ಎಂಬ ಜಾಲತಾಣ 2 ಕೊಟ್ಟಿತು, ಡಿಸ್ಟ್ರಕ್ಟಾಯ್ಡ್ ಎಂಬ ಜಾಲತಾಣ 10 ಕೊಟ್ಟಿತು. ಅಮೆರಿಕದಲ್ಲಿ 20 ಡಾಲರ್‌ಗೆ ಬಂದ ಆಟ. ಚಿತ್ರ ಹಳೆಯದು, ಗುಂಡು ಹಾರಿಸುವುದು ಒರಟು. ಪಾತ್ರಗಳು, ಮಾತು, ಪ್ರತಿಯೊಬ್ಬರೂ ತಮ್ಮ ದಿನಚರಿಯಂತೆ ಓಡಾಡುವ ಊರು ಮಾತ್ರ ಬೇರೆಲ್ಲೂ ಸಿಗದಂಥವು. ಒಬ್ಬರು ಅಂಕ ಕೊಟ್ಟದ್ದು ಕರಕುಶಲತೆಗೆ, ಇನ್ನೊಬ್ಬರು ಕೊಟ್ಟದ್ದು ಆಡಿದ ಮೇಲೆ ಮನಸ್ಸಿನಲ್ಲಿ ಉಳಿದದ್ದಕ್ಕೆ. ಎರಡೂ ಪ್ರಾಮಾಣಿಕವೇ.

ಇನ್ನೊಂದು ಬಗೆಯ ಅಂತರವಿದೆ, ಅದು ಕೈಗೆ ಸಂಬಂಧಿಸಿದ್ದು. 2006ರ ಗಾಡ್ ಹ್ಯಾಂಡ್ ನಿರ್ದೇಶಿಸಿದ್ದು ಶಿಂಜಿ ಮಿಕಾಮಿ. ಐಜಿಎನ್ ಕೊಟ್ಟದ್ದು 3. ಆಟದ ಒಳಗೆ ಏನಿದೆ ನೋಡಿ. ಬೇರೆ ಆಟಗಳಲ್ಲಿ ಕ್ಯಾಮೆರಾ ತಿರುಗಿಸುವ ಬಲ ಸ್ಟಿಕ್ ಇಲ್ಲಿ ಏಟು ತಪ್ಪಿಸಿಕೊಳ್ಳುವುದಕ್ಕೆ: ಎಡಬಲಕ್ಕೆ ತಳ್ಳಿದರೆ ಪಕ್ಕಕ್ಕೆ ಸರಿಯುತ್ತೀರಿ, ಮೇಲಕ್ಕೆ ತಳ್ಳಿದರೆ ತಲೆ ತಗ್ಗಿಸುತ್ತೀರಿ, ಕೆಳಕ್ಕೆ ತಳ್ಳಿದರೆ ಹಿಂದಕ್ಕೆ ಲಾಗ ಹಾಕುತ್ತೀರಿ. ಹಿಂದೆ ತಿರುಗಲು ಎಲ್1. ಕ್ಯಾಮೆರಾ ಬೆನ್ನಿಗೇ ಅಂಟಿಕೊಂಡಿರುತ್ತದೆ. ಪರದೆಯ ಮೂಲೆಯ ಒಂದು ಪಟ್ಟಿ ನೀವು ಚೆನ್ನಾಗಿ ಆಡಿದಷ್ಟೂ 1, 2, 3, ಕೊನೆಗೆ "ಡೈ" ಮಟ್ಟಕ್ಕೆ ಏರಿ ಶತ್ರುಗಳನ್ನು ಗಟ್ಟಿ ಮಾಡುತ್ತದೆ. ಏಟು ತಿಂದರೆ ಇಳಿಯುತ್ತದೆ. ಬಲ ಸ್ಟಿಕ್ ಎಂದರೆ ಕ್ಯಾಮೆರಾ ಎಂದು ಕೈ ಒಗ್ಗಿಹೋದವರಿಗೆ ಮೊದಲ ಎರಡು ಗಂಟೆ ನರಕ. ಬೆರಳು ಹೊಸ ಪಾಠ ಕಲಿತ ಮೇಲೆ ಆ ಪೀಳಿಗೆಯ ಅತ್ಯುತ್ತಮ ಹೊಡೆದಾಟದ ಆಟಗಳಲ್ಲಿ ಅದೂ ಒಂದು. ಗಡುವಿನೊಳಗೆ ಬರೆಯಬೇಕಾದವರಿಗೆ ಆ ಪಾಠ ಕಲಿಯುವ ಪುರಸೊತ್ತು ಸಿಗುವುದಿಲ್ಲ, ಆಮೇಲೆ ಕೊಂಡು ಆಡಿದವರಿಗೆ ಸಿಗುತ್ತದೆ. ಜಪಾನಿನ ಹಲವು ಆಟಗಳಿಗೆ ಅಭಿಮಾನಿಗಳ ಮೆಚ್ಚುಗೆ ತಡವಾಗಿ ಬರುವುದಕ್ಕೆ ಇದೇ ಮುಖ್ಯ ಕಾರಣ.

ಮೂರನೆಯದು ಸರಳ ಎಡವಟ್ಟು. 2010ರ ನಿಯರ್‌ನಲ್ಲಿ ಮೀನು ಹಿಡಿಯುವ ಒಂದು ಹಂತ ದಾಟಲಾಗದೆ ಅಮೆರಿಕದ ವಿಮರ್ಶಕರೊಬ್ಬರು ಆಟವನ್ನೇ ಕೈಬಿಟ್ಟೆ ಎಂದು ಬರೆದರು. ಗಾಳ ಹಾಕಬೇಕಾದ ಜಾಗ ಬಿಟ್ಟು ಬೇರೆ ಕಡೆ ಹಾಕಿದ್ದರು. ಆಟವೂ ಅದನ್ನು ಸ್ಪಷ್ಟವಾಗಿ ಹೇಳಿಕೊಡುವುದಿಲ್ಲ ಎಂಬುದೂ ನಿಜ. "ದಾರಿಯೇ ಕಾಣದು" ಎಂಬ ದೂರು ಓದಿದಾಗ ಅದೇ ಜಾಗದಲ್ಲಿ ಬೇರೆಯವರೂ ಸಿಕ್ಕಿಬಿದ್ದರೇ ಎಂದು ಎರಡನೆಯ ವಿಮರ್ಶೆ ನೋಡಿ.

ಡೀಮನ್ಸ್ ಸೋಲ್ಸ್ ಅನ್ನು ಎತ್ತಿ ಹಿಡಿದವರು ಯಾರು? ವಿಮರ್ಶಕರೇ, ಅಭಿಮಾನಿಗಳೇ?

ಅಭಿಮಾನಿಗಳು, ಅದರಲ್ಲೂ ಆಮದು ಮಾಡಿಕೊಂಡವರು. 2009ರ ಫೆಬ್ರವರಿ 5ರಂದು ಬಂದ ಆಟಕ್ಕೆ ಫ್ಯಾಮಿತ್ಸು ಕೊಟ್ಟದ್ದು 40ಕ್ಕೆ 29. ಸೋನಿಯ ಶುಹೆಯ್ ಯೊಶಿದಾ ಬಿಡುಗಡೆಗೆ ಮುಂಚೆ ಸುಮಾರು ಎರಡು ಗಂಟೆ ಆಡಿಯೂ ಮೊದಲ ಹಂತ ದಾಟಲಾಗದೆ ಇದು ಕೆಟ್ಟ ಆಟ ಎಂದುಕೊಂಡದ್ದನ್ನು ಮುಂದೆ ತಾವೇ ಹೇಳಿದ್ದಾರೆ. ಜಪಾನಿನ ಹೊರಗೆ ತರುವುದು ಬೇಡ ಎಂದು ಸೋನಿ ಬಿಟ್ಟಿತು. ಆದರೆ ಏಷ್ಯಾ ಮಾರುಕಟ್ಟೆಗೆ ಬಿಟ್ಟ ಡಿಸ್ಕ್‌ನಲ್ಲಿ ಇಂಗ್ಲಿಷ್ ಇತ್ತು, ಪ್ಲೇಸ್ಟೇಷನ್ 3ಕ್ಕೆ ಪ್ರಾಂತ್ಯದ ಬೀಗ (ಬೇರೆ ಪ್ರಾಂತ್ಯದ ಡಿಸ್ಕ್ ಓಡದಂತೆ ತಡೆಯುವ ವ್ಯವಸ್ಥೆ) ಇರಲಿಲ್ಲ. ಜನ ತರಿಸಿ ಆಡಿದರು, ಬಾಯಿಂದ ಬಾಯಿಗೆ ಹಬ್ಬಿತು. ಅಕ್ಟೋಬರ್‌ನಲ್ಲಿ ಅಟ್ಲಸ್ ಎಂಬ ಪ್ರಕಾಶಕ ಕಂಪನಿ ಅಮೆರಿಕಕ್ಕೆ ತಂದಿತು, ಗೇಮ್‌ಸ್ಪಾಟ್ ಜಾಲತಾಣ ಅದನ್ನೇ 2009ರ ವರ್ಷದ ಆಟ ಎಂದಿತು. ಯುರೋಪಿಗೆ ಬಂದದ್ದು 2010ರಲ್ಲಿ. 2022ರಲ್ಲಿ ಅದೇ ಸ್ಟುಡಿಯೋದ ಎಲ್ಡನ್ ರಿಂಗ್ ಪಡೆದ ಮನ್ನಣೆಗೆ ಅಡಿಪಾಯ ಹಾಕಿದ್ದು ಆ ಏಷ್ಯಾ ಡಿಸ್ಕ್.

"ಜೆಆರ್‌ಪಿಜಿ" ಎನ್ನುವುದು ಬೈಗುಳವೇ?

ಜೆಆರ್‌ಪಿಜಿ ಎಂದರೆ ಜಪಾನೀಸ್ ರೋಲ್-ಪ್ಲೇಯಿಂಗ್ ಗೇಮ್, ಪಾತ್ರವಾಗಿ ಕಥೆಯೊಳಗೆ ಸಾಗುವ ಜಪಾನಿನ ಆಟ. ಫೈನಲ್ ಫ್ಯಾಂಟಸಿ 16ರ ನಿರ್ಮಾಪಕ ನಾಓಕಿ ಯೊಶಿದಾ 2023ರ ಸಂದರ್ಶನವೊಂದರಲ್ಲಿ, ಆ ಪದವನ್ನು ಮೊದಲು ಕೇಳಿದಾಗ ತಾರತಮ್ಯ ಮಾಡಿದಂತೆ ಅನಿಸಿತ್ತು ಎಂದರು. "ಮುಗಿಯಿತು" ಎಂಬ ಲೇಖನಗಳ ಕಾಲದಲ್ಲಿ ಆ ಪದವನ್ನು ಹಳತು, ಬದಲಾಗದ್ದು ಎಂಬರ್ಥದಲ್ಲೇ ಬಳಸುತ್ತಿದ್ದರು. ಇಂದು ಬಹಳಷ್ಟು ಜನ ಪ್ರೀತಿಯಿಂದಲೇ ಬಳಸುತ್ತಾರೆ, 2025ರಲ್ಲಿ ಫ್ರಾನ್ಸಿನಿಂದ ಬಂದ ಕ್ಲೇರ್ ಆಬ್ಸ್ಕ್ಯೂರ್‌ಗೂ ಅದೇ ಹೆಸರು ಅಂಟಿತು.

"ಬದಲಾಗದ್ದು" ಎಂಬ ಆರೋಪಕ್ಕೆ ಒಂದು ಕಾರಣ ಹೆಚ್ಚಿನವರಿಗೆ ಗೊತ್ತಿಲ್ಲ: ಆರೋಪ ಮಾಡಿದವರಿಗೆ ಪೂರ್ತಿ ಸರಣಿ ತಲುಪಿರಲೇ ಇಲ್ಲ. ಅಮೆರಿಕದಲ್ಲಿ ಫೈನಲ್ ಫ್ಯಾಂಟಸಿ 4 ಬಂದದ್ದು 2 ಎಂಬ ಹೆಸರಿನಲ್ಲಿ, 6 ಬಂದದ್ದು 3 ಎಂಬ ಹೆಸರಿನಲ್ಲಿ. ಜಪಾನಿನ 2, 3, 5 ಆಗ ಬರಲೇ ಇಲ್ಲ. 1995ರ ಸೈಕೆನ್ ದೆನ್ಸೆತ್ಸು 3 ಅಧಿಕೃತವಾಗಿ ಇಂಗ್ಲಿಷಿಗೆ ಬಂದದ್ದು 2019ರಲ್ಲಿ, 1994ರ ಲೈವ್ ಎ ಲೈವ್ ಬಂದದ್ದು 2022ರಲ್ಲಿ. ಪ್ರಯೋಗಗಳೆಲ್ಲ ಜಪಾನಿನಲ್ಲೇ ಉಳಿದವು, ಹೊರಗೆ ಹೋದದ್ದು ಆಯ್ದ ಕೆಲವು.

ನೂರು ಗಂಟೆಯ ಆಟವನ್ನು ವಿಮರ್ಶಕರು ಪೂರ್ತಿ ಆಡಿರುತ್ತಾರೆಯೇ?

ಹಲವರು ಆಡಿರುತ್ತಾರೆ, ಆದರೆ ಒಂದೆರಡು ವಾರದಲ್ಲಿ, ದಿನಕ್ಕೆ ಎಂಟು-ಹತ್ತು ಗಂಟೆ ಕೂತು. ಪರ್ಸೋನಾ 5ರಂಥ ಆಟವನ್ನು ರಾತ್ರಿಗೆ ಒಂದು ಗಂಟೆಯಂತೆ ಮೂರು ತಿಂಗಳು ಆಡುವವರಿಗೂ ಹಾಗೆ ನುಂಗುವವರಿಗೂ ಒಂದೇ ಅನುಭವ ಆಗುವುದಿಲ್ಲ. "ಮಧ್ಯದಲ್ಲಿ ಎಳೆಯುತ್ತದೆ" ಎಂಬ ಟೀಕೆಯನ್ನು ಆ ಲೆಕ್ಕ ಹಿಡಿದೇ ಓದಿ.

ವಿಮರ್ಶೆಯಲ್ಲಿ ಮೂರು ಸಂಗತಿ ಹುಡುಕಿ: ಎಷ್ಟು ಗಂಟೆ ಆಡಿದರು, ಯಾವ ಯಂತ್ರದಲ್ಲಿ, ಕೊನೆ ಮುಟ್ಟಿದರೋ ಇಲ್ಲವೋ. ನಿಯರ್ ಆಟೊಮಾಟಾಗೆ ಎ ಯಿಂದ ಇ ವರೆಗೆ ಐದು ಮುಖ್ಯ ಅಂತ್ಯಗಳಿವೆ. ಹೆಸರುಗಳ ಪಟ್ಟಿ ಮೊದಲ ಸಲ ಓಡಿದಾಗ ಅರ್ಧ ಕಥೆಯೂ ಆಗಿರುವುದಿಲ್ಲ. ಮುಂದೆಯೂ ಆಡಿ ಎಂಬ ಸೂಚನೆಯನ್ನು ಸ್ಕ್ವೇರ್ ಎನಿಕ್ಸ್ ಆಟದೊಳಗೇ ಇಟ್ಟಿದೆ.

ಕಂಪನಿಗಳ ಕಟ್ಟುಪಾಡೂ ಇದೆ. 2017ರಲ್ಲಿ ಪರ್ಸೋನಾ 5 ಬಂದಾಗ ಆಟದೊಳಗಿನ ಕ್ಯಾಲೆಂಡರ್‌ನ ಜುಲೈ 7 ದಾಟಿದ ಭಾಗವನ್ನು ನೇರಪ್ರಸಾರ ಮಾಡಬಾರದು, ಮಾಡಿದರೆ ಚಾನೆಲ್‌ಗೆ ತೊಂದರೆ ಆದೀತು ಎಂದು ಅಟ್ಲಸ್ ಎಚ್ಚರಿಸಿತು. ಅಭಿಮಾನಿಗಳು ಸಿಟ್ಟಾದರು. ಅದೇ ತಿಂಗಳು ಗಡಿಯನ್ನು ನವೆಂಬರ್ 19ಕ್ಕೆ ಸರಿಸಿದರು.

ಅನುವಾದದಲ್ಲಿ ಕತ್ತರಿ ಹಾಕುತ್ತಾರೆ ಎಂಬ ಜಗಳ ಯಾವಾಗಲೂ ಇರುತ್ತದೆ. ನಿಜ ಯಾವುದು, ಗದ್ದಲ ಯಾವುದು?

ಮೂರು ಬೇರೆಬೇರೆ ಸಂಗತಿಗಳನ್ನು ಒಂದೇ ಚೀಲಕ್ಕೆ ತುಂಬುವುದರಿಂದ ಜಗಳ ಮುಗಿಯುವುದಿಲ್ಲ.

ಮೊದಲನೆಯದು ಕೆಟ್ಟ ಅನುವಾದ. 2017ರ ಸೆಪ್ಟೆಂಬರ್‌ನಲ್ಲಿ ಈಸ್ 8 ಎಂಬ ಆಟ ಇಂಗ್ಲಿಷಿನಲ್ಲಿ ಬಂದಾಗ ಪುರಾತನ ಪ್ರಪಾತವೊಂದರ ಹೆಸರು "ಆರ್ಕಿಯೋಜೋಯಿಕ್ ಬಿಗ್ ಹೋಲ್" ಎಂದಿತ್ತು. ಇಡೀ ಆಟದಲ್ಲಿ ಅದೇ ಮಟ್ಟದ ಮಾತುಗಳಿದ್ದವು. ಅಭಿಮಾನಿಗಳು ಒಂದೊಂದೇ ಚಿತ್ರ ತೆಗೆದು ಸಾಕ್ಷಿ ಸಮೇತ ತೋರಿಸಿದರು. ಅದರ ಪ್ರಕಾಶಕ ಕಂಪನಿ "ಎನ್‌ಐಎಸ್ ಅಮೆರಿಕ"ದ ಅಧ್ಯಕ್ಷರು ಕ್ಷಮೆ ಕೇಳಿ, ಮತ್ತೆ ಅನುವಾದಿಸಿ, 2018ರ ಜನವರಿಯಲ್ಲಿ ಉಚಿತ ಪ್ಯಾಚ್ ಕೊಟ್ಟರು. "ಬಿಗ್ ಹೋಲ್" ಹೋಗಿ "ಕ್ಯಾಸಂ" (ಪ್ರಪಾತ) ಬಂತು. ದೂರು ಕೊಡುವುದೆಂದರೆ ಹೀಗೆ: ಸಾಲು, ಜಾಗ, ಮೂಲ, ಏನು ತಪ್ಪು.

ಎರಡನೆಯದು ಭಾಗಗಳನ್ನೇ ತೆಗೆಯುವುದು. 2010ರಲ್ಲಿ ಯಾಕುಜಾ 3 ಹೊರದೇಶಗಳಿಗೆ ಬಂದಾಗ ಹೋಸ್ಟೆಸ್ ಕ್ಲಬ್, ಮಹ್‌ಜಾಂಗ್, ಶೋಗಿ (ಜಪಾನಿ ಚದುರಂಗ) ಎಲ್ಲ ಮಾಯವಾಗಿದ್ದವು. ಸಮಯ ಸಾಲಲಿಲ್ಲ, ಅಲ್ಲಿನವರಿಗೆ ಅರ್ಥವಾಗದು ಎಂಬ ವಾದ ಬಂತು. 2019ರ ರೀಮಾಸ್ಟರ್‌ನಲ್ಲಿ ಮರಳಿ ಸೇರಿಸಿದರು, ಜನ ಶೋಗಿ ಕಲಿತೇ ಆಡಿದರು. 2016ರ ಫೈರ್ ಎಂಬ್ಲಮ್ ಫೇಟ್ಸ್‌ನಿಂದ ಪಾತ್ರಗಳ ಕೆನ್ನೆ ಸವರುವ ಉಪ-ಆಟ ತೆಗೆದದ್ದೂ ಇದೇ ಬಗೆ, ಆದರೆ ಅದನ್ನು ಕಳೆದುಕೊಂಡು ಅಳುವಂಥದ್ದು ಏನೂ ಇರಲಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಮೂರನೆಯದು ಮಾತಿನ ಧಾಟಿ. ಗಾದೆ, ಹಾಸ್ಯ, ಗೌರವಸೂಚಕಗಳನ್ನು ಪದಕ್ಕೆ ಪದ ಇಳಿಸಿದರೆ ಸಾಲು ಸತ್ತುಹೋಗುತ್ತದೆ. ಬದಲಿಸುವುದೇ ಅನುವಾದಕರ ಕೆಲಸ. ಒಂದು ಸಾಲು ಇಷ್ಟವಾಗದಿದ್ದಕ್ಕೆ ಅನುವಾದಕರ ಹೆಸರು ಹುಡುಕಿ ಬೈಯುವುದು ಹೇಸಿಗೆಯ ಕೆಲಸ, ಅದಕ್ಕೆ ಯಾವ ಸಮರ್ಥನೆಯೂ ಇಲ್ಲ. ಏನನ್ನು ತೆಗೆಯಬೇಕು ಎಂಬ ತೀರ್ಮಾನ ಪ್ರಕಾಶಕರದ್ದು.

ಜಪಾನಿ ಆವೃತ್ತಿ ಯಾವಾಗಲೂ ಕತ್ತರಿ ಬೀಳದ್ದು ಎಂಬ ನಂಬಿಕೆಯೂ ತಪ್ಪು. ಅಲ್ಲಿ ಆಟಗಳಿಗೆ ವಯಸ್ಸಿನ ದರ್ಜೆ ಕೊಡುವ ಸೆರೊ ಸಂಸ್ಥೆಯ ಶ್ರೇಣಿ ಎ, ಬಿ, ಸಿ, ಡಿ, ಜೆಡ್ ಎಂದು ಹೋಗುತ್ತದೆ, ಜೆಡ್ ಹದಿನೆಂಟು ದಾಟಿದವರಿಗೆ. ರೆಸಿಡೆಂಟ್ ಈವಿಲ್ 7 ಅಲ್ಲಿ ಡಿ ದರ್ಜೆಯದ್ದೊಂದು, ರಕ್ತ ಹೆಚ್ಚಿರುವ ಜೆಡ್ ದರ್ಜೆಯ "ಗ್ರೊಟೆಸ್ಕ್" ಆವೃತ್ತಿಯೊಂದು ಎಂದು ಎರಡಾಗಿ ಬಂತು.

1990ರ ದಶಕದಲ್ಲಿ ನಮ್ಮ ಮನೆಗಳಿಗೆ ಬಂದ ಟಿವಿ ವಿಡಿಯೋ ಗೇಮ್ ಜಪಾನಿನದೇ?

ಯಂತ್ರ ನಿಂಟೆಂಡೊ ಫ್ಯಾಮಿಕಾಮ್‌ನ ನಕಲು, ಆಟಗಳು ಜಪಾನಿನವು. ಕ್ಯಾಸೆಟ್‌ನ ತಳದ ಪಿನ್ ಎಣಿಸಿದರೆ ತಿಳಿಯುತ್ತದೆ: 60 ಇದ್ದರೆ ಜಪಾನಿನ ಫ್ಯಾಮಿಕಾಮ್ ಅಳತೆ, 72 ಇದ್ದರೆ ಅಮೆರಿಕ-ಯುರೋಪಿನ ಎನ್‌ಇಎಸ್ ಅಳತೆ. "9999 ಇನ್ 1" ಎಂದು ಬರೆದಿದ್ದರೂ ಒಳಗಿರುತ್ತಿದ್ದದ್ದು ಬೆರಳೆಣಿಕೆಯ ಆಟಗಳು, ಹಂತ ಬದಲಿಸಿ ಮತ್ತೆ ಮತ್ತೆ ಪಟ್ಟಿ ಮಾಡಿದವು. ಕೊನಾಮಿಯ ಕಾಂಟ್ರಾ ನೆನಪಿದ್ದರೆ ಒಂದು ಪರೀಕ್ಷೆ: ಮೊದಲ ಹಂತದಲ್ಲಿ ಗಿಡಮರ ಅಲುಗಾಡುತ್ತಿತ್ತೇ, ಹಿಮದ ಹಂತದಲ್ಲಿ ಹಿಮ ಬೀಸುತ್ತಿತ್ತೇ? ಹೌದಾದರೆ ಆಡಿದ್ದು ಜಪಾನಿ ಆವೃತ್ತಿ. ಕೊನಾಮಿ ಅದಕ್ಕೆ ಕ್ಯಾಸೆಟ್‌ನಲ್ಲೇ ಬೇರೆ ಚಿಪ್ ಇಟ್ಟಿತ್ತು, ಅಮೆರಿಕದ ಆವೃತ್ತಿಯಲ್ಲಿ ಇವೆರಡೂ ಇಲ್ಲ. ಯುರೋಪಿನಲ್ಲಿ ಮನುಷ್ಯರನ್ನು ತೆಗೆದು ರೋಬೋಟ್ ಹಾಕಿ ಪ್ರೊಬೊಟೆಕ್ಟರ್ ಎಂದು ಮಾರಿದರು.

ಅಭಿಮಾನಿಗಳ ಅನುವಾದದ ಪ್ಯಾಚ್ ಹಾಕುವುದು ಹೇಗೆ? ಯಾಕೆ ಕೆಡುತ್ತದೆ?

ಇಂಗ್ಲಿಷಿಗೆ ಬರದೇ ಹೋದ ಆಟಗಳನ್ನು ಉಳಿಸಿದ ಕೀರ್ತಿ ಇವರದ್ದು. 2006ರ ಮದರ್ 3 ಇಂದಿಗೂ ಅಧಿಕೃತವಾಗಿ ಇಂಗ್ಲಿಷಿನಲ್ಲಿಲ್ಲ, ಅಭಿಮಾನಿಗಳ ಪ್ಯಾಚ್ 2008ರ ಅಕ್ಟೋಬರ್‌ನಲ್ಲಿ ಬಂತು. ಟ್ರೇಲ್ಸ್ ಸರಣಿಯ ಎರಡು ಆಟಗಳಿಗೆ ಜಿಯೋಫ್ರಂಟ್ ಎಂಬ ತಂಡ ಮಾಡಿದ ಅನುವಾದವನ್ನು ಪ್ರಕಾಶಕರೇ ಪಡೆದು ಅಧಿಕೃತ ಆವೃತ್ತಿಗೆ ಬಳಸಿದರು.

ಪ್ಯಾಚ್‌ನಲ್ಲಿ ಆಟ ಇರುವುದಿಲ್ಲ, ಮೂಲಕ್ಕೂ ಅನುವಾದಕ್ಕೂ ಇರುವ ವ್ಯತ್ಯಾಸ ಮಾತ್ರ ಇರುತ್ತದೆ. ನಿಮ್ಮ ಕ್ಯಾಸೆಟ್‌ನಿಂದ ಕಾರ್ಟ್ ರೀಡರ್ ಮೂಲಕ ಫೈಲ್ ತೆಗೆದುಕೊಳ್ಳಿ. ಬೇರೆಯವರು ಹಂಚುವ ರಾಮ್ (ROM, ಕ್ಯಾಸೆಟ್‌ನ ಫೈಲ್) ಹಕ್ಕುಸ್ವಾಮ್ಯದ ಉಲ್ಲಂಘನೆ. ಪ್ಯಾಚ್ ಜೊತೆಗಿನ ಸೂಚನೆಯಲ್ಲಿ ಫೈಲನ್ನು ಗುರುತಿಸುವ ಸಿಆರ್‌ಸಿ32 ಅಥವಾ ಎಸ್‌ಎಚ್‌ಎ-1 ಸಂಖ್ಯೆ ಇರುತ್ತದೆ, ನಿಮ್ಮ ಫೈಲಿನದಕ್ಕೆ ಅಕ್ಷರಕ್ಕೆ ಅಕ್ಷರ ತಾಳೆ ನೋಡಿ. ಮೂಲದ ಪ್ರತಿಯೊಂದನ್ನು ಬೇರೆ ಫೋಲ್ಡರ್‌ನಲ್ಲಿಟ್ಟು, ಇನ್ನೊಂದು ಪ್ರತಿಗೆ ಮಾತ್ರ ಪ್ಯಾಚ್ ಹಾಕಿ.

ಶುರುವಿನಲ್ಲೇ ಕಪ್ಪು ಪರದೆ ಬಂದರೆ ಸೂಪರ್ ಫ್ಯಾಮಿಕಾಮ್ ಆಟಗಳಲ್ಲಿ ಮೊದಲು ನೋಡಬೇಕಾದ್ದು 512 ಬೈಟ್‌ನ ಹೆಡರ್. ಹಳೆಯ ನಕಲು ಯಂತ್ರಗಳು ಫೈಲಿನ ತಲೆಗೆ ಅದನ್ನು ಅಂಟಿಸುತ್ತಿದ್ದವು. ಫೈಲಿನ ಗಾತ್ರವನ್ನು ಬೈಟ್‌ಗಳಲ್ಲಿ 1024ರಿಂದ ಭಾಗಿಸಿ 512 ಉಳಿದರೆ ಹೆಡರ್ ಇದೆ ಎಂದರ್ಥ. ಹೆಡರ್ ಇಲ್ಲದ ಫೈಲಿಗಾಗಿ ಮಾಡಿದ ಐಪಿಎಸ್ ಎಂಬ ಮಾದರಿಯ ಪ್ಯಾಚ್ ಅದಕ್ಕೆ ಹಾಕಿದರೆ ಪ್ರತಿ ಬದಲಾವಣೆಯೂ 512 ಬೈಟ್ ಆಚೀಚೆ ಬಿದ್ದು ಎಲ್ಲ ಹಾಳಾಗುತ್ತದೆ, ಐಪಿಎಸ್ ಮಾತ್ರ ಯಾವ ತಪ್ಪನ್ನೂ ತೋರಿಸುವುದಿಲ್ಲ. ಐಪಿಎಸ್ 16 ಎಂಬಿ ದಾಟಿದ ಫೈಲನ್ನು ಮುಟ್ಟಲಾರದು. ಯುಪಿಎಸ್, ಬಿಪಿಎಸ್ ಮಾದರಿಯ ಪ್ಯಾಚ್‌ಗಳು ತಾವೇ ಮೂಲವನ್ನು ಪರೀಕ್ಷಿಸಿ, ತಾಳೆಯಾಗದಿದ್ದರೆ ಎಚ್ಚರಿಸುತ್ತವೆ. ಮದರ್ 3ರದ್ದು ಯುಪಿಎಸ್. ನಡುದಾರಿಯಲ್ಲಿ ಅಕ್ಷರ ಕಲಸಿಹೋದರೆ ಕಾರಣ ಹೆಚ್ಚಾಗಿ ಪ್ಯಾಚ್‌ಗೆ ಮುಂಚಿನ ಸೇವ್ ಸ್ಟೇಟ್ (ಆಟ ಓಡಿಸುವ ಎಮ್ಯುಲೇಟರ್ ಉಳಿಸಿಕೊಳ್ಳುವ ಆ ಕ್ಷಣದ ನಕಲು). ಆಟದೊಳಗಿನ ಸೇವ್ ಬಳಸಿ.

ಅಭಿಮಾನಿಗಳ ಚಳವಳಿಯಿಂದ ಏನಾದರೂ ಆಗುತ್ತದೆಯೇ?

ಬೇಡಿಕೆ ಚಿಕ್ಕದಾಗಿ, ಖಚಿತವಾಗಿ ಇದ್ದಾಗ ಆಗುತ್ತದೆ. 2011ರ ಆಪರೇಷನ್ ರೇನ್‌ಫಾಲ್ ಕೇಳಿದ್ದು ಮೂರೇ ಆಟ: ಜೆನೋಬ್ಲೇಡ್, ದ ಲಾಸ್ಟ್ ಸ್ಟೋರಿ, ಪಂಡೋರಾಸ್ ಟವರ್. ಪತ್ರ ಬರೆದರು, ಅಮೆಜಾನ್‌ನಲ್ಲಿ ಜೆನೋಬ್ಲೇಡ್‌ನ ಮುಂಗಡ ಬುಕಿಂಗ್ ಪುಟವನ್ನು ಮೊದಲ ಸ್ಥಾನಕ್ಕೆ ತಂದರು. 2012 ಮತ್ತು 2013ರಲ್ಲಿ ಮೂರೂ ಉತ್ತರ ಅಮೆರಿಕಕ್ಕೆ ಬಂದವು. ದುಡ್ಡು ಹಾಕುವ ಚಳವಳಿ ಬೇರೆ ಮಾತು. ಇನಾಫುನೆಯವರ ಮೈಟಿ ನಂಬರ್ 9 2013ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ 38 ಲಕ್ಷ ಡಾಲರ್ ದಾಟಿತು, ಹತ್ತಾರು ಯಂತ್ರಗಳಿಗೆ ಮಾತು ಕೊಟ್ಟು, ಮತ್ತೆ ಮತ್ತೆ ಮುಂದೂಡಿ 2016ರಲ್ಲಿ ಬಂದು ನಿರಾಸೆ ಮಾಡಿತು. ಕೋಜಿ ಇಗರಾಶಿಯವರ ಬ್ಲಡ್‌ಸ್ಟೇನ್ಡ್ 55 ಲಕ್ಷ ಡಾಲರ್ ಪಡೆದು 2019ರಲ್ಲಿ ಬಂತು. ನಡುವೆ ಅಭಿಮಾನಿಗಳು ಚಿತ್ರ ಮಂಕಾಗಿದೆ ಎಂದಾಗ ಬೆಳಕನ್ನೂ ಬಣ್ಣವನ್ನೂ ಬದಲಿಸಿ, ಮೊದಲಿನದನ್ನೂ ಈಗಿನದನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರು.

ಸ್ಟೀಮ್‌ನಲ್ಲಿ ಕೆಂಪು ಅಂಕ, ವಿಮರ್ಶಕರಲ್ಲಿ ಹಸಿರು ಅಂಕ. ಯಾರನ್ನು ನಂಬುವುದು?

ಸ್ಟೀಮ್ ಪಿಸಿ ಆಟಗಳ ಆನ್‌ಲೈನ್ ಅಂಗಡಿ, ಅಲ್ಲಿ ಅಭಿಪ್ರಾಯ ಬರೆಯುವವರು ಆಡಿದ ಜನ. 2024ರ ಮಾರ್ಚ್ 22ರಂದು ಡ್ರ್ಯಾಗನ್ಸ್ ಡಾಗ್ಮಾ 2ಕ್ಕೆ ಹೀಗೇ ಆಯಿತು. ಸಿಟ್ಟಿನಲ್ಲಿ ಮೂರು ಎಳೆ ಇದ್ದವು. ಪಿಸಿಯಲ್ಲಿ ಊರೊಳಗೆ ಹೋದರೆ ವೇಗ ಕುಸಿಯುತ್ತಿತ್ತು. ಪ್ರತಿ ಪಾತ್ರದ ಲೆಕ್ಕ ಸಿಪಿಯು ಮೇಲೆ ಬೀಳುವುದರಿಂದ ಚಿತ್ರದ ಗುಣಮಟ್ಟ ಇಳಿಸಿದರೂ ಫಲವಿರಲಿಲ್ಲ. ಈ ದೂರು ಪೂರ್ತಿ ನಿಜ. ಹೊಸದಾಗಿ ಆಟ ಶುರು ಮಾಡುವ ಆಯ್ಕೆಯೇ ಇರಲಿಲ್ಲ. ಅದೂ ನಿಜ, ಪ್ಯಾಚ್‌ನಲ್ಲಿ ಸೇರಿಸಿದರು. "ಬೇಗ ಪ್ರಯಾಣಿಸಲೂ ದುಡ್ಡು ಕೊಡಬೇಕು" ಎಂಬ ಮೂರನೆಯದು ತಪ್ಪು. ಮಾರುತ್ತಿದ್ದದ್ದು ಒಂದು ಪೋರ್ಟ್‌ಕ್ರಿಸ್ಟಲ್ (ಬೇಗ ಹೋಗಿ ತಲುಪುವ ಜಾಗ ಗುರುತಿಸುವ ಕಲ್ಲು) ಮುಂತಾದವು, ಎಲ್ಲ ಆಟದೊಳಗೇ ಸಿಗುವಂಥವು. ಆದರೆ ಆ ಮಾರಾಟದ ಪಟ್ಟಿ ವಿಮರ್ಶೆ ಬಂದ ಮೇಲೆ, ಬಿಡುಗಡೆಯ ದಿನ ಕಾಣಿಸಿಕೊಂಡಿತು. ಜನರಿಗೆ ಮೋಸವಾದಂತೆ ಅನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಸ್ಟೀಮ್‌ನಲ್ಲಿ ವಿಮರ್ಶೆಗಳ ಗ್ರಾಫ್ ತೆರೆದು ಕೆಂಪು ಯಾವ ವಾರದಲ್ಲಿ ಎದ್ದಿದೆ ನೋಡಿ. ಆಡಿದ ಸಮಯದ ಸೋಸುವಿಕೆಯನ್ನು ಹತ್ತು ಗಂಟೆಗೆ ಏರಿಸಿ. ಭಾಷೆ ಬದಲಿಸಿ ಹೋಲಿಸಿ, ಅನುವಾದದ ದೂರಾದರೆ ಒಂದು ಭಾಷೆಯಲ್ಲಷ್ಟೇ ಕೆಂಪಿರುತ್ತದೆ. ಮೆಟಾಕ್ರಿಟಿಕ್ ಕೂಡ 2020ರಿಂದ ಬಿಡುಗಡೆಯಾಗಿ 36 ಗಂಟೆ ಕಳೆಯುವವರೆಗೆ ಬಳಕೆದಾರರ ಅಂಕ ತೆಗೆದುಕೊಳ್ಳುವುದಿಲ್ಲ.

ಜಪಾನಿ ಧ್ವನಿಯಲ್ಲಿ ಆಡಬೇಕೇ, ಇಂಗ್ಲಿಷಿನಲ್ಲೇ?

ಕಿವಿಗೆ ಹಿತವಾದದ್ದರಲ್ಲಿ. 2017ರಲ್ಲಿ ಇಂಗ್ಲಿಷಿಗೆ ಬಂದ ಯಾಕುಜಾ 0ರಲ್ಲಿ ಜಪಾನಿ ಧ್ವನಿ ಮಾತ್ರ ಇತ್ತು. ಫೈನಲ್ ಫ್ಯಾಂಟಸಿ 16ರಲ್ಲಿ ತುಟಿಯ ಚಲನೆ ಹೊಂದಿಸಿದ್ದು ಇಂಗ್ಲಿಷಿಗೆ.

ಭಾರತದಿಂದ ಕೊಳ್ಳುವಾಗ ಏನು ನೋಡಬೇಕು?

ಪಿಎಸ್4, ಪಿಎಸ್5ರಲ್ಲಿ ಯಾವ ದೇಶದ ಡಿಸ್ಕ್ ಆದರೂ ಓಡುತ್ತದೆ, ಆದರೆ ಡಿಎಲ್‌ಸಿಯನ್ನು (ಆಟಕ್ಕೆ ಆಮೇಲೆ ಸೇರಿಸುವ ಹೆಚ್ಚುವರಿ ಭಾಗ) ಡಿಸ್ಕ್‌ನ ಪ್ರಾಂತ್ಯದ ಅಂಗಡಿಯಿಂದಲೇ ಕೊಳ್ಳಬೇಕು. ತಾಳೆಯಾಗದಿದ್ದರೆ ದುಡ್ಡು ಹೋಗುತ್ತದೆ, ಡಿಎಲ್‌ಸಿ ಕಾಣುವುದಿಲ್ಲ. ಜಪಾನಿನ ಡಿಸ್ಕ್‌ನಲ್ಲಿ ಇಂಗ್ಲಿಷ್ ಇದ್ದೇ ಇರುತ್ತದೆ ಎಂದುಕೊಳ್ಳಬೇಡಿ, ಪೆಟ್ಟಿಗೆಯ ಹಿಂಬದಿ ಓದಿ. ಸ್ವಿಚ್‌ಗೆ ಪ್ರಾಂತ್ಯದ ಬೀಗ ಇಲ್ಲ. ಅದರ ನಿಂಟೆಂಡೊ ಖಾತೆಯ ದೇಶ ಬದಲಿಸಲು ಖಾತೆಯಲ್ಲಿ ಹಣ ಉಳಿದಿರಬಾರದು. 3ಡಿಎಸ್, ವೀ, ಪಿಎಸ್2ಗೆ ಬೀಗ ಇದೆ.

ಸ್ಟೀಮ್ ಪುಟದ ಭಾಷಾ ಪಟ್ಟಿಯಲ್ಲಿ ಪಠ್ಯ, ಧ್ವನಿ, ಉಪಶೀರ್ಷಿಕೆ ಎಂದು ಮೂರು ಕಾಲಂ ಇರುತ್ತದೆ, ಮೂರನ್ನೂ ನೋಡಿ. ಹಣ ಮರಳಿ ಪಡೆಯಲು ಕೊಂಡು 14 ದಿನದೊಳಗಿರಬೇಕು, ಆಡಿದ್ದು 2 ಗಂಟೆಯೊಳಗಿರಬೇಕು. ಈ ಬಗೆಯ ಕಥಾ ಆಟಗಳಲ್ಲಿ ಎರಡು ಗಂಟೆಗೆ ಪೀಠಿಕೆಯೇ ಮುಗಿದಿರುವುದಿಲ್ಲ, ಆದ್ದರಿಂದ ಡೆಮೊ ಇದ್ದರೆ ಅದರಿಂದಲೇ ಶುರು ಮಾಡಿ. ಡ್ರ್ಯಾಗನ್ ಕ್ವೆಸ್ಟ್ 11 ಎಸ್‌ನ ಡೆಮೊ ಸುಮಾರು ಹತ್ತು ಗಂಟೆಯದು, ಮೆಟಾಫರ್ ರೀಫ್ಯಾಂಟಜಿಯೊದ ಡೆಮೊ ಇಡೀ ಪೀಠಿಕೆಯನ್ನೇ ಕೊಡುತ್ತದೆ. ಎರಡರಲ್ಲೂ ಸೇವ್ ಮುಂದಕ್ಕೆ ಒಯ್ಯಬಹುದು, ಪೂರ್ತಿ ಆಟವನ್ನೂ ಅದೇ ಯಂತ್ರಕ್ಕೇ ಕೊಂಡರೆ.